ಅಮೆರಿಕದಲ್ಲಿ ಯಾವುದು ಯಾರ ಕೈಯಲ್ಲಿದೆ? ಸರ್ಕಾರ ಮತ್ತು ಹಕ್ಕುಗಳ ಬಗ್ಗೆ ಹೊಸಬರಿಗೊಂದು ಮಾರ್ಗದರ್ಶಿ

ನಾವು ಈ ದೇಶಕ್ಕೆ ಬಂದು ಒಂದೂವರೆ ವರ್ಷ ಆಗಿತ್ತು. ಒಂದು ಸಂಜೆ ಟಪಾಲು ಡಬ್ಬಿಯಲ್ಲಿ ಕೌಂಟಿ ಕೋರ್ಟಿನ ಲಕೋಟೆ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಜ್ಯೂರಿ ಸಮನ್ಸ್’ ಅಂತ ಬರೆದಿತ್ತು. "ಏನ್ರೀ ಇದು, ಕೋರ್ಟಿಂದ ಬಂದಿದೆ?" ಅಂತ ಹೆಂಡತಿ ಗಾಬರಿಯಾದಳು. ನಮ್ಮ ಕಡೆ ಕೋರ್ಟಿನಿಂದ ಸಮನ್ಸ್ ಬಂತು ಅಂದರೆ ಮನೆಯಲ್ಲಿ ಅಡುಗೆ ಆಗಲ್ಲ, ಅಲ್ವಾ? ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮಾರನೇ ದಿನ ಗೊತ್ತಾಯಿತು, ಅದು ಅಪರಾಧದ ನೋಟಿಸ್ ಅಲ್ಲ. ಮೊಕದ್ದಮೆಯಲ್ಲಿ ಕೂತು ತೀರ್ಪು ಕೊಡುವ ಸಾಮಾನ್ಯ ಜನರ ತಂಡಕ್ಕೆ ಬಂದ ಕರೆ. ಬಹಳ ಕಡೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುತ್ತಾರೆ. ಹಾಗಾಗಿ ಪೌರರಲ್ಲದವರಿಗೂ ಇದು ಬರುತ್ತದೆ. ಮಾಡಬೇಕಾದದ್ದು ಇಷ್ಟೇ. ಫಾರ್ಮಿನಲ್ಲಿ ‘ನಾನು ಅಮೆರಿಕದ ಪೌರನಲ್ಲ’ ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿ, ಹೇಳಿದ ದಿನದೊಳಗೆ ವಾಪಸ್ ಕಳಿಸಬೇಕು. ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ ಇದ್ದವರಿಗೂ ಇದೇ ಉತ್ತರ. ಎರಡು ತಪ್ಪು ಮಾತ್ರ ಮಾಡಬೇಡಿ: ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ, ಪೌರರಲ್ಲದೆ ಹೋಗಿ ಜ್ಯೂರಿಯಲ್ಲಿ ಕೂರಬೇಡಿ.

ಆ ಒಂದು ರಾತ್ರಿಯ ಗಾಬರಿ ನನಗೆ ಪಾಠ ಕಲಿಸಿತು. ಇಲ್ಲಿ ತೆರಿಗೆ ಕಟ್ಟುತ್ತೇವೆ, ಮಕ್ಕಳನ್ನು ಶಾಲೆಗೆ ಕಳಿಸುತ್ತೇವೆ, ಮನೆ ಕೊಳ್ಳುತ್ತೇವೆ. ಸರ್ಕಾರ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅವತ್ತಿನಿಂದ ಓದಿ, ಕೇಳಿ, ಕಚೇರಿಗಳಿಗೆ ಅಲೆದು ತಿಳಿದುಕೊಂಡದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮದೇ ಕೇಸಿಗೆ ವಕೀಲರನ್ನೇ ಕೇಳಿ. ಈ ಲೇಖನ ಅದಕ್ಕೂ ಮೊದಲಿನ ತಿಳಿವಳಿಕೆಗೆ.

ಹೆಜ್ಜೆ 1: ಮೊದಲು ಕೇಳಿ, ಇದು ಯಾರ ಕೈಯಲ್ಲಿದೆ?

ಅಮೆರಿಕದಲ್ಲಿ ‘ಸರ್ಕಾರ’ ಎಂಬ ಒಂದೇ ವಸ್ತು ಇಲ್ಲ. ಮೇಲೆ ವಾಷಿಂಗ್ಟನ್‌ನ ಫೆಡರಲ್ ಸರ್ಕಾರ, ನಮ್ಮ ಲೆಕ್ಕದಲ್ಲಿ ಕೇಂದ್ರ. ಅದರ ಕೆಳಗೆ 50 ರಾಜ್ಯಗಳು. ರಾಜ್ಯದೊಳಗೆ ಕೌಂಟಿಗಳು, ಇಡೀ ದೇಶದಲ್ಲಿ 3,000ಕ್ಕೂ ಜಾಸ್ತಿ. ಆಮೇಲೆ ನಗರಗಳು. ಇವುಗಳ ಜೊತೆಗೆ ಬಹಳ ಕಡೆ ಶಾಲೆಗಳಿಗೇ ಬೇರೆ ಒಂದು ಚುನಾಯಿತ ಮಂಡಳಿ, ಸ್ಕೂಲ್ ಬೋರ್ಡ್.

ಕೌಂಟಿ ಅಂದರೆ ನಮ್ಮ ತಾಲ್ಲೂಕೋ ಜಿಲ್ಲೆಯೋ ಇದ್ದ ಹಾಗೆ ಅಂತ ಅಂದುಕೊಳ್ಳಬಹುದು. ಆದರೆ ನಮ್ಮಲ್ಲಿ ಡಿಸಿ, ತಹಶೀಲ್ದಾರರು ಮೇಲಿನಿಂದ ನೇಮಕವಾಗಿ ಬರುತ್ತಾರೆ. ಇಲ್ಲಿ ಕೌಂಟಿಯ ಬೋರ್ಡನ್ನು ಜನ ಆರಿಸುತ್ತಾರೆ. ಬಹುತೇಕ ಕಡೆ ಷೆರಿಫ್, ಅಂದರೆ ಕೌಂಟಿ ಪೊಲೀಸಿನ ಮುಖ್ಯಸ್ಥ ಕೂಡ ಓಟು ಕೇಳಿಯೇ ಗೆಲ್ಲಬೇಕು. ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳನ್ನೂ ಜನರೇ ಆರಿಸುತ್ತಾರೆ. ಇದು ಮೊದಲು ನನಗೆ ನಂಬಲಿಕ್ಕೇ ಆಗಿರಲಿಲ್ಲ.

ವೀಸಾ, ಗ್ರೀನ್ ಕಾರ್ಡ್, ಪೌರತ್ವ, ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯುರಿಟಿ, ಟಪಾಲು, ಸೇನೆ: ಇವೆಲ್ಲ ಫೆಡರಲ್. ಡ್ರೈವಿಂಗ್ ಲೈಸೆನ್ಸ್, ಡಾಕ್ಟರು ಮತ್ತು ನರ್ಸುಗಳ ಲೈಸೆನ್ಸ್, ಮದುವೆ ಮತ್ತು ವಿಚ್ಛೇದನದ ನಿಯಮ, ಕಳ್ಳತನದಿಂದ ಕೊಲೆವರೆಗಿನ ಹೆಚ್ಚಿನ ಕ್ರಿಮಿನಲ್ ಕಾನೂನು: ಇವು ರಾಜ್ಯದ್ದು. ಮನೆ ತೆರಿಗೆ, ಜಮೀನಿನ ದಾಖಲೆ ಸಾಮಾನ್ಯವಾಗಿ ಕೌಂಟಿಯ ಕೆಲಸ. ಬೀದಿ ದೀಪ, ಕಸ, ಪಾರ್ಕು, ಮನೆ ಕಟ್ಟುವ ಪರ್ಮಿಟ್ಟು ನಗರದ್ದು. ಆದಾಯ ತೆರಿಗೆಯಲ್ಲಿ ಇಬ್ಬರಿಗೂ ಪಾಲಿದೆ. ಆದರೆ ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳು ಸಂಬಳದ ಮೇಲೆ ರಾಜ್ಯದ ತೆರಿಗೆ ಹಾಕುವುದೇ ಇಲ್ಲ.

ಇದನ್ನು ತಿಳಿಯದೆ ರಸ್ತೆ ಗುಂಡಿಗೆ ವಾಷಿಂಗ್ಟನ್‌ನಲ್ಲಿ ಕೂತ ಸೆನೆಟರ್‌ಗೆ ಪತ್ರ ಬರೆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಂಥ ಪತ್ರ ನಾನೂ ಒಮ್ಮೆ ಬರೆದಿದ್ದೇನೆ. ತುಂಬಾ ವಿನಯದ ಉತ್ತರ ಬಂತು, ಗುಂಡಿ ಹಾಗೇ ಇತ್ತು. ಆಮೇಲೆ ನಗರದ ಆ್ಯಪಿನಲ್ಲಿ ಫೋಟೋ ಹಾಕಿದೆ, ಒಂದೇ ವಾರದಲ್ಲಿ ಮುಚ್ಚಿದರು.

ಇನ್ನೊಂದು ಮಾತು. ರಾಜ್ಯಗಳು ಇಲ್ಲಿ ಕೇಂದ್ರದ ಶಾಖೆಗಳಲ್ಲ. ಕರ್ನಾಟಕದವರಿಗೆ ಇದನ್ನು ವಿವರಿಸುವುದು ಸುಲಭ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದರು. ಆ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 356ನೇ ವಿಧಿಗೆ ಕಡಿವಾಣ ಹಾಕಿತು. ಅಮೆರಿಕದಲ್ಲಿ 356ನೇ ವಿಧಿಯಂಥದ್ದೇ ಇಲ್ಲ. ಗವರ್ನರ್ ಅಂದರೆ ಇಲ್ಲಿ ಕೇಂದ್ರ ಕಳಿಸಿದವರಲ್ಲ. ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿರುವವರು, ಆ ರಾಜ್ಯದ ಜನ ಆರಿಸಿದವರು. ಅಧ್ಯಕ್ಷರಿಗೆ ಅವರನ್ನು ಮನೆಗೆ ಕಳಿಸುವ ಅಧಿಕಾರವಿಲ್ಲ.

ಹೆಜ್ಜೆ 2: ವಾಷಿಂಗ್ಟನ್‌ನ ಮೂರು ಮನೆ

ಫೆಡರಲ್ ಸರ್ಕಾರದಲ್ಲಿ ಮೂರು ಭಾಗ. ಕಾನೂನು ಮಾಡುವ ಕಾಂಗ್ರೆಸ್, ಜಾರಿ ಮಾಡುವ ಅಧ್ಯಕ್ಷ, ಕಾನೂನಿನ ಅರ್ಥ ಹೇಳುವ ಕೋರ್ಟು. ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಇದು ನಮ್ಮ ಅಪ್ಪ ಅಮ್ಮಂದಿರಿಗೆ ಪ್ರತಿ ಸಲ ಗೊಂದಲ ಮಾಡುತ್ತದೆ.

ಕಾಂಗ್ರೆಸ್ಸಿನಲ್ಲಿ ಎರಡು ಸದನ. ಹೌಸ್‌ನಲ್ಲಿ 435 ಸದಸ್ಯರು, ಜನಸಂಖ್ಯೆಯ ಲೆಕ್ಕದಲ್ಲಿ ರಾಜ್ಯಗಳಿಗೆ ಹಂಚಿಕೆ, ಎರಡೆರಡು ವರ್ಷಕ್ಕೆ ಚುನಾವಣೆ. ಸೆನೆಟ್‌ನಲ್ಲಿ 100 ಸದಸ್ಯರು, ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ತಲಾ ಇಬ್ಬರು, ಆರು ವರ್ಷದ ಅವಧಿ. ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ವಯೋಮಿಂಗ್‌ಗೂ ಇಬ್ಬರು. ಇದು ನ್ಯಾಯವೇ ಎಂಬ ವಾದ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದಾಗಲೇ ಇತ್ತು. ಸಣ್ಣ ರಾಜ್ಯಗಳು ಒಪ್ಪಲಿ ಅಂತ ಮಾಡಿಕೊಂಡ ರಾಜಿ ಅದು.

ಎರಡೂ ಸದನ ಒಪ್ಪಿದ ಮಸೂದೆ ಅಧ್ಯಕ್ಷರ ಮೇಜಿಗೆ ಹೋಗುತ್ತದೆ. ಸಹಿ ಹಾಕಿದರೆ ಕಾನೂನು. ವೀಟೋ ಮಾಡಿ ವಾಪಸ್ ಕಳಿಸಿದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಗ ಅಧ್ಯಕ್ಷರನ್ನು ಮೀರಿ ಕಾನೂನಾಗುತ್ತದೆ. ಭಾನುವಾರ ಬಿಟ್ಟು ಹತ್ತು ದಿನ ಸುಮ್ನೆ ಇಟ್ಟುಕೊಂಡರೂ, ಕಾಂಗ್ರೆಸ್ ಸಭೆ ಸೇರಿದ್ದರೆ, ಸಹಿ ಇಲ್ಲದೆಯೇ ಅದು ಕಾನೂನು. ಸೆನೆಟ್‌ನಲ್ಲಿ ಇನ್ನೊಂದು ಕಟ್ಟೆ ಇದೆ. ಬಹುತೇಕ ಮಸೂದೆಗಳ ಮೇಲಿನ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಸದಸ್ಯರು ಒಪ್ಪಬೇಕು. ಇದು ಸಂವಿಧಾನದಲ್ಲಿ ಇಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮ. ಎಷ್ಟೋ ಸುಧಾರಣೆ ಬಿದ್ದುಹೋಗುವುದು ಇಲ್ಲಿಯೇ.

ಭಾರತದವರು ಅತಿ ಹೆಚ್ಚು ಎಡವುವುದು ಅಧ್ಯಕ್ಷರ ವಿಷಯದಲ್ಲಿ. ನಮ್ಮ ಪ್ರಧಾನಿ ಲೋಕಸಭೆಯ ಬಹುಮತದ ಮೇಲೆ ನಿಂತಿರುತ್ತಾರೆ. ಇಲ್ಲಿ ಅಧ್ಯಕ್ಷರು ಕಾಂಗ್ರೆಸ್ಸಿನ ಸದಸ್ಯರೇ ಅಲ್ಲ, ಅವರ ಮಂತ್ರಿಗಳೂ ಆಗಿರುವ ಹಾಗಿಲ್ಲ. ಕಾಂಗ್ರೆಸ್ಸಿನಲ್ಲಿ ಎದುರು ಪಕ್ಷಕ್ಕೆ ಬಹುಮತ ಬಂದರೂ ಸರ್ಕಾರ ಬೀಳುವುದಿಲ್ಲ. ನಾಲ್ಕು ವರ್ಷ ಗಟ್ಟಿ. ಮಹಾಭಿಯೋಗ ಒಂದು ದಾರಿ ಇದೆ, ಆದರೆ ಅದರಿಂದ ಅಧಿಕಾರ ಕಳೆದುಕೊಂಡ ಅಧ್ಯಕ್ಷರು ಇದುವರೆಗೆ ಒಬ್ಬರೂ ಇಲ್ಲ.

ಸರ್ಕಾರ ಬೀಳುವುದಿಲ್ಲ, ಆದರೆ ಬಾಗಿಲು ಹಾಕಬಹುದು. ಖಜಾನೆಯ ಕೀಲಿ ಕಾಂಗ್ರೆಸ್ಸಿನ ಕೈಯಲ್ಲಿದೆ. ಖರ್ಚಿನ ಮಸೂದೆ ಹೊತ್ತಿಗೆ ಸರಿಯಾಗಿ ಪಾಸಾಗದಿದ್ದರೆ ಕಚೇರಿಗಳು ಮುಚ್ಚುತ್ತವೆ. ಇದಕ್ಕೇ ಶಟ್‌ಡೌನ್ ಅನ್ನುವುದು. 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಹೀಗಾಯಿತು. ನಮ್ಮವರಿಗೆ ಅದು ತಟ್ಟಿದ್ದು ಒಂದು ವಿಚಿತ್ರ ರೀತಿಯಲ್ಲಿ. ಪೌರತ್ವ ಮತ್ತು ವಲಸೆ ಕಚೇರಿ ಹೆಚ್ಚಾಗಿ ನಾವು ಕಟ್ಟುವ ಫೀಸಿನಿಂದಲೇ ನಡೆಯುತ್ತದೆ, ಹಾಗಾಗಿ ಅದು ತೆರೆದಿತ್ತು. ಆದರೆ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಬೇಕಾದ ಎಲ್‌ಸಿಎಯನ್ನು, ಅಂದರೆ ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಹಾಕುವ ಅರ್ಜಿಯನ್ನು ಮಂಜೂರು ಮಾಡುವ ಕಾರ್ಮಿಕ ಇಲಾಖೆಯ ವಿಭಾಗ ಕೆಲಸ ನಿಲ್ಲಿಸಿತು. ಕೆಲಸ ಬದಲಿಸಲು ಹೊರಟಿದ್ದ ಎಷ್ಟೋ ಜನ ನಡುವೆ ಸಿಕ್ಕಿಹಾಕಿಕೊಂಡರು.

‘ಯಾರ ಕೈಯಲ್ಲಿದೆ’ ಎಂಬ ಪ್ರಶ್ನೆ ನಮ್ಮನ್ನು ನೇರವಾಗಿ ಮುಟ್ಟುವುದು ಗ್ರೀನ್ ಕಾರ್ಡಿನ ಸಾಲಿನಲ್ಲಿ. ಪ್ರತಿ ಚುನಾವಣೆಯಲ್ಲೂ ವಾಟ್ಸಾಪ್ ಗುಂಪುಗಳಲ್ಲಿ ಹೊಸ ಅಧ್ಯಕ್ಷರು ಬಂದು ಈ ಸಾಲು ಕರಗಿಸುತ್ತಾರೆ ಅಂತ ಮಾತು ಶುರುವಾಗುತ್ತದೆ. ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು, ಅದರಲ್ಲಿ ಒಂದು ದೇಶದವರಿಗೆ ಸುಮಾರು ಶೇ. 7: ಈ ಲೆಕ್ಕ ಬಂದದ್ದು ಕಾಂಗ್ರೆಸ್ 1990ರಲ್ಲಿ ಮಾಡಿದ ಕಾನೂನಿನಿಂದ. ಅಧ್ಯಕ್ಷರ ಆದೇಶ ಇಲಾಖೆಗಳಿಗೆ ಹೇಗೆ ಕೆಲಸ ಮಾಡಬೇಕು ಅಂತ ಹೇಳಬಹುದು, ಕಾನೂನಿನಲ್ಲಿ ಬರೆದ ಅಂಕಿಯನ್ನು ಅಳಿಸಲಾರದು. ಆ ಅಂಕಿ ಬದಲಾಗಬೇಕಾದರೆ ಹೌಸ್, ಸೆನೆಟ್, ಸಹಿ: ಮೂರೂ ಆಗಬೇಕು. ಇದನ್ನು ತಿಳಿದಮೇಲೆ ನಾನು ಸುದ್ದಿ ಓದುವ ರೀತಿಯೇ ಬದಲಾಯಿತು. ಮೊದಲು ನೋಡುವುದು ಇದು ಕಾನೂನೋ, ಆದೇಶವೋ, ಅಥವಾ ಯಾರೋ ಮಂಡಿಸಿದ ಮಸೂದೆಯೋ ಅಂತ. ಮಂಡನೆಯಾದ ಮಸೂದೆಗಳಲ್ಲಿ ಹೆಚ್ಚಿನವು ಅಲ್ಲೇ ಕೊಳೆಯುತ್ತವೆ.

ಮೂರನೆಯದು ಕೋರ್ಟು. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು. ಈ ಸಂಖ್ಯೆ ಸಂವಿಧಾನದಲ್ಲಿಲ್ಲ, 1869ರ ಕಾನೂನಿನಿಂದ ಬಂದದ್ದು. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಇಲ್ಲಿ ನಿವೃತ್ತಿಯ ವಯಸ್ಸೇ ಇಲ್ಲ. ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಹೊಡೆದುಹಾಕುವ ಅಧಿಕಾರ ತನಗಿದೆ ಅಂತ ಈ ಕೋರ್ಟು 1803ರ ಮಾರ್ಬರಿ ಪ್ರಕರಣದಲ್ಲಿ ಹೇಳಿತು. ಅಂದಿನಿಂದ ಅದೇ ನಡೆದುಬಂದಿದೆ.

ಹೆಜ್ಜೆ 3: ಸಂವಿಧಾನವನ್ನು ಒಂದು ಸಂಜೆ ಓದಿಬಿಡಿ

ನಿಜವಾಗಿ ಹೇಳುತ್ತಿದ್ದೇನೆ, ಇದು ಚಿಕ್ಕದು. ಏಳು ವಿಧಿ, 27 ತಿದ್ದುಪಡಿ. ಊಟ ಆದಮೇಲೆ ಕೂತರೆ ಮಲಗುವ ಹೊತ್ತಿಗೆ ಮುಗಿಯುತ್ತದೆ. ನಮ್ಮ ಸಂವಿಧಾನ 1950ರಿಂದ ನೂರಕ್ಕೂ ಹೆಚ್ಚು ಸಲ ತಿದ್ದುಪಡಿಯಾಗಿದೆ. ಇದು 230ಕ್ಕೂ ಹೆಚ್ಚು ವರ್ಷಗಳಲ್ಲಿ 27 ಸಲ ಮಾತ್ರ. ಕಾರಣ, ತಿದ್ದುಪಡಿಗೆ ಎರಡೂ ಸದನಗಳ ಮೂರನೇ ಎರಡರಷ್ಟು ಮತವೂ ಬೇಕು, 50ರಲ್ಲಿ 38 ರಾಜ್ಯಗಳೂ ಒಪ್ಪಬೇಕು. 27ನೇ ತಿದ್ದುಪಡಿಯನ್ನು 1789ರಲ್ಲೇ ಕಳಿಸಿದ್ದರು. ಅದು ಜಾರಿಗೆ ಬಂದದ್ದು 1992ರಲ್ಲಿ!

ಮೊದಲ ಹತ್ತು ತಿದ್ದುಪಡಿಗಳು ಒಟ್ಟಿಗೆ 1791ರಲ್ಲಿ ಸೇರಿದವು. ಅವೇ ಹಕ್ಕುಗಳ ಪಟ್ಟಿ, ಬಿಲ್ ಆಫ್ ರೈಟ್ಸ್. ಮೊದಲನೆಯದರಲ್ಲಿ ಐದು ಹಕ್ಕು: ಧರ್ಮ, ಮಾತು, ಪತ್ರಿಕೆ, ಶಾಂತವಾಗಿ ಸಭೆ ಸೇರುವುದು, ಸರ್ಕಾರಕ್ಕೆ ಅಹವಾಲು ಕೊಡುವುದು. ನಾಲ್ಕನೆಯದು ಮನೆ ಮೈ ತಪಾಸಣೆಗೆ ಮಿತಿ ಹಾಕುತ್ತದೆ. ಐದನೆಯದು ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಿಲ್ಲ ಅನ್ನುತ್ತದೆ. ಆರನೆಯದು ವಕೀಲ ಮತ್ತು ಜ್ಯೂರಿ. ಹತ್ತನೆಯದು, ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಅನ್ನುತ್ತದೆ.

ಆಮೇಲೆ ಅಂತರ್ಯುದ್ಧ. ಅದರ ಬೆನ್ನಿಗೆ 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗೊಳಿಸಿತು. 1868ರಲ್ಲಿ 14ನೆಯದು ಬಂತು. ನನ್ನನ್ನು ಕೇಳಿದರೆ ವಲಸಿಗರು ಬಾಯಿಪಾಠ ಮಾಡಬೇಕಾದ್ದು ಇದೇ. ಮೊದಲು ಹಕ್ಕುಗಳ ಪಟ್ಟಿ ಕಟ್ಟಿಹಾಕಿದ್ದು ಫೆಡರಲ್ ಸರ್ಕಾರವನ್ನು ಮಾತ್ರ. 14ನೆಯದರಿಂದಾಗಿ ಕೋರ್ಟುಗಳು ಒಂದೊಂದಾಗಿ ಆ ಹಕ್ಕುಗಳನ್ನು ರಾಜ್ಯಗಳಿಗೂ ಅನ್ವಯಿಸಿದವು. ಹಾಗಾಗಿಯೇ ಇವತ್ತು ನಿಮ್ಮೂರಿನ ಪೊಲೀಸಿನವರಿಗೂ ಅವು ಕಟ್ಟುಪಾಡು.

ಇನ್ನೊಂದು, ಆ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯನ್ನು ‘ಪೌರ’ರಿಗೆ ಅನ್ನಲಿಲ್ಲ, ‘ಯಾವುದೇ ವ್ಯಕ್ತಿ’ಗೆ ಅಂದಿತು. ಈ ಒಂದು ಪದದ ಬೆಲೆ ಗೊತ್ತಾಗಲು ಸ್ಯಾನ್ ಫ್ರಾನ್ಸಿಸ್ಕೋದ ಬಟ್ಟೆ ಒಗೆಯುವ ಅಂಗಡಿಗಳ ಕಥೆ ಕೇಳಬೇಕು. 1880ರಲ್ಲಿ ಆ ನಗರ ಒಂದು ನಿಯಮ ತಂದಿತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಬೇಕಾದರೆ ನಗರ ಮಂಡಳಿಯ ಅನುಮತಿ ಬೇಕು. ಓದಲು ಏನೂ ತಪ್ಪಿಲ್ಲ, ಬೆಂಕಿಯ ಭಯಕ್ಕೆ ಅಂದರು. ಆದರೆ ಚೀನೀಯರು ಹಾಕಿದ ಸುಮಾರು 200 ಅರ್ಜಿ ಎಲ್ಲವೂ ತಿರಸ್ಕಾರವಾದವು. ಚೀನೀಯರಲ್ಲದವರ ಸುಮಾರು 80 ಅರ್ಜಿಗಳಲ್ಲಿ ಒಂದು ಬಿಟ್ಟು ಮಿಕ್ಕದ್ದೆಲ್ಲ ಮಂಜೂರಾದವು. 22 ವರ್ಷ ಅದೇ ಜಾಗದಲ್ಲಿ ಅಂಗಡಿ ನಡೆಸಿದ್ದ ಒಬ್ಬರು ದಂಡ ಕಟ್ಟದೆ ಜೈಲಿಗೆ ಹೋದರು. ಕಾಗದಪತ್ರದಲ್ಲಿ ಅವರ ಹೆಸರು ಯಿಕ್ ವೋ ಅಂತ ಬಿತ್ತು, ಅದು ನಿಜಕ್ಕೂ ಅಂಗಡಿಯ ಹೆಸರು. ಅವರು ಅಮೆರಿಕದ ಪೌರರಲ್ಲ, ಆಗಿನ ಕಾನೂನಿನಲ್ಲಿ ಆಗುವ ಹಾಗೂ ಇರಲಿಲ್ಲ. ಆದರೂ 1886ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರ ನಿಂತಿತು. ಕಾನೂನಿನ ಅಕ್ಷರ ಸರಿ ಇದ್ದರೂ ಜಾರಿಯಲ್ಲಿ ಪಕ್ಷಪಾತವಿದ್ದರೆ ಅದು 14ನೇ ತಿದ್ದುಪಡಿಗೆ ವಿರುದ್ಧ ಅಂತ ಹೇಳಿತು.

ಎಲ್ಲ ಕಾಲದಲ್ಲೂ ಕೋರ್ಟು ಹೀಗೇ ನಡೆದುಕೊಂಡಿತು ಅಂತಲ್ಲ. 1923ರಲ್ಲಿ ಇದೇ ಕೋರ್ಟು, ಅಮೆರಿಕದ ಸೇನೆಯಲ್ಲಿ ಕೆಲಸ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಭಾರತೀಯರು ‘ಬಿಳಿಯರಲ್ಲ’ ಅಂತ ಹೇಳಿ ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಕಾಂಗ್ರೆಸ್ ಕಾನೂನು ಬದಲಿಸಿದಮೇಲೆ. ಹತ್ತು ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಹೌಸ್‌ಗೆ ಗೆದ್ದರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಶಿಗನ್‌ನಿಂದ ಗೆದ್ದು 2023ರ ಜನವರಿಯಲ್ಲಿ ಅದೇ ಸದನದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಬೇರೆ ದೇಶದಲ್ಲಿ ಹುಟ್ಟಿದವರು ಪೌರರಾಗಿ ಏಳು ವರ್ಷವಾದರೆ ಹೌಸ್‌ಗೆ, ಒಂಬತ್ತು ವರ್ಷವಾದರೆ ಸೆನೆಟ್‌ಗೆ ನಿಲ್ಲಬಹುದು. ಅಧ್ಯಕ್ಷ ಸ್ಥಾನ ಮಾತ್ರ ಹುಟ್ಟಿನಿಂದಲೇ ಪೌರರಾದವರಿಗೆ.

ಹೆಜ್ಜೆ 4: ಎದುರಿಗಿರುವುದು ಸರ್ಕಾರವೋ ಖಾಸಗಿಯೋ ನೋಡಿ

"ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಇದೆ, ಏನು ಬೇಕಾದರೂ ಮಾತಾಡಬಹುದು" ಅನ್ನುತ್ತಾರೆ. ಅರ್ಧ ನಿಜ. ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು. ನಿಮ್ಮ ಕಂಪನಿಯನ್ನಲ್ಲ, ಫೇಸ್‌ಬುಕ್ಕನ್ನಲ್ಲ, ಮನೆ ಮಾಲೀಕರನ್ನಲ್ಲ. ಕಂಪನಿ ಜನಾಂಗ, ಬಣ್ಣ ನೋಡಿ ಕೆಲಸದಿಂದ ತೆಗೆಯಬಾರದು ಅಂತ ಇದ್ದರೆ ಅದು 1964ರ ನಾಗರಿಕ ಹಕ್ಕುಗಳ ಕಾನೂನಿನಂಥ ಬೇರೆ ಕಾನೂನುಗಳಿಂದ. ಮೊದಲ ತಿದ್ದುಪಡಿಯಿಂದ ಅಲ್ಲ.

ನಮ್ಮ ಪರಿಚಯದ ಒಂದು ಕುಟುಂಬ ನವೆಂಬರ್ ಒಂದಕ್ಕೆ ಮನೆ ಮುಂದೆ ಅರಿಶಿನ ಕುಂಕುಮದ ಬಣ್ಣದ ಬಾವುಟ ಹಾರಿಸಿತು. ಮೂರನೇ ದಿನ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂತು: ಬಾವುಟ ತೆಗೆಯಿರಿ, ಇಲ್ಲದಿದ್ದರೆ ದಂಡ. ಮನೆಯವರಿಗೆ ತುಂಬಾ ನೋವಾಯಿತು. "ಇದು ನಮ್ಮ ಹಕ್ಕಲ್ವಾ?" ಅಂತ ಕೇಳಿದರು. ನಗರಸಭೆ ಇದೇ ಪತ್ರ ಬರೆದು, ಕನ್ನಡ ಬಾವುಟ ಬೇಡ, ಬೇರೆಯದಾದರೆ ಸರಿ ಅಂದಿದ್ದರೆ ಅದು ಮೊದಲ ತಿದ್ದುಪಡಿಯ ದೊಡ್ಡ ಕೇಸಾಗುತ್ತಿತ್ತು. ಆದರೆ ಸಂಘ ಸರ್ಕಾರವಲ್ಲ. ಮನೆ ಕೊಳ್ಳುವಾಗ ಸಹಿ ಹಾಕಿದ ಆ ದಪ್ಪ ಕಾಗದದ ಕಟ್ಟಿನಲ್ಲಿ ಬಾವುಟದ ನಿಯಮ ಇತ್ತು. ಅಮೆರಿಕದ ರಾಷ್ಟ್ರಧ್ವಜವನ್ನು ಹಾರಿಸಲು ಸಂಘ ಅಡ್ಡಿ ಮಾಡಬಾರದು ಅಂತ 2005ರ ಫೆಡರಲ್ ಕಾನೂನಿದೆ, ಬೇರೆ ಬಾವುಟಕ್ಕೆ ಅದು ಬರುವುದಿಲ್ಲ. ಕೆಲವು ರಾಜ್ಯಗಳಲ್ಲಿ ನಿವಾಸಿಗಳಿಗೆ ಇನ್ನೂ ಸ್ವಲ್ಪ ರಕ್ಷಣೆ ಇದೆ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಇವರು ಕೊನೆಗೆ ಸಂಘದ ಸಭೆಗೆ ಹೋದರು. ಹಬ್ಬದ ದಿನಗಳಲ್ಲಿ ಯಾರು ಬೇಕಾದರೂ ಮೂರು ದಿನ ಬಾವುಟ ಹಾಕಬಹುದು ಅಂತ ನಿಯಮ ಬದಲಿಸಿಕೊಂಡು ಬಂದರು.

ಸರ್ಕಾರಿ ಶಾಲೆ ಸರ್ಕಾರವೇ. 1965ರಲ್ಲಿ ಅಯೋವಾದ ಡೆ ಮೊಯಿನ್‌ನಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಬಂದರು. ಶಾಲೆ ಅವರನ್ನು ಮನೆಗೆ ಕಳಿಸಿತು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ 13 ವರ್ಷ. 1969ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟಿತು. ಪಾಠಕ್ಕೆ ನಿಜವಾದ ಅಡ್ಡಿಯಾಗದಿದ್ದರೆ ಶಾಲೆಯೊಳಗೂ ಹಕ್ಕು ಇರುತ್ತದೆ. ಖಾಸಗಿ ಶಾಲೆಗೆ ಇದು ಅನ್ವಯವಾಗುವುದಿಲ್ಲ.

ಹೆಜ್ಜೆ 5: ಪೊಲೀಸರು ಎದುರಾದಾಗ

ಕಾರಿನ ಹಿಂದೆ ಕೆಂಪು ನೀಲಿ ದೀಪ ಕಂಡರೆ ಬಲಕ್ಕೆ ತೆಗೆದುಕೊಂಡು ನಿಲ್ಲಿಸಿ. ಊರಿನ ಅಭ್ಯಾಸದಲ್ಲಿ ಇಳಿದು ಪೊಲೀಸರ ಹತ್ತಿರ ನಡೆದು ಹೋಗಬೇಡಿ. ಇಲ್ಲಿ ಅದು ಅಪಾಯ. ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕೂತಿರಿ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೇಳಿದರೆ ಎಲ್ಲಿದೆ ಅಂತ ಹೇಳಿಯೇ ಕೈ ಹಾಕಿ. ಕೆಳಗಿಳಿಯಲು ಹೇಳಿದರೆ ಇಳಿಯಬೇಕು, ಆ ಅಧಿಕಾರ ಅವರಿಗಿದೆ.

"ಕಾರು ಸ್ವಲ್ಪ ನೋಡಬಹುದಾ?" ಅಂತ ಕೇಳಬಹುದು. ಅದು ಮಾತಿನ ಸೌಜನ್ಯವಲ್ಲ, ನಿಮ್ಮ ಒಪ್ಪಿಗೆ ಕೇಳುತ್ತಿದ್ದಾರೆ. ನಾವು ದಾಕ್ಷಿಣ್ಯಕ್ಕೆ "ಓಕೆ ಸರ್" ಅಂದುಬಿಡುತ್ತೇವೆ. ಹಾಗೆ ಅಂದರೆ ನಾಲ್ಕನೇ ತಿದ್ದುಪಡಿ ಕೊಟ್ಟ ರಕ್ಷಣೆಯನ್ನು ನಾವೇ ಬಿಟ್ಟುಕೊಟ್ಟ ಹಾಗೆ. ಬೇಡವೆನಿಸಿದರೆ ಮೆಲ್ಲಗೆ "ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್" ಅನ್ನಿ. ಅವರು ಆದರೂ ಹುಡುಕಿದರೆ ಕೈ ಅಡ್ಡ ಹಾಕಬೇಡಿ. ಅದು ಸರಿಯೋ ತಪ್ಪೋ ಎಂಬ ವಾದ ಕೋರ್ಟಿನಲ್ಲಿ ಮಾಡುವಂಥದ್ದು, ರಸ್ತೆ ಬದಿಯಲ್ಲಲ್ಲ.

ಮನೆಗೆ ರಕ್ಷಣೆ ಇನ್ನೂ ಜಾಸ್ತಿ. ತುರ್ತು ಸಂದರ್ಭ ಇಲ್ಲದಿದ್ದರೆ ಒಳಗೆ ಬರಲು ಪೊಲೀಸರಿಗೆ ಜಡ್ಜ್ ಸಹಿ ಮಾಡಿದ ವಾರೆಂಟ್ ಬೇಕು, ಇಲ್ಲವೇ ನಿಮ್ಮ ಒಪ್ಪಿಗೆ. ಬಾಗಿಲು ಹಾಕಿಕೊಂಡೇ ಮಾತಾಡಬಹುದು. ವಾರೆಂಟನ್ನು ಕಿಟಕಿಗೆ ಹಿಡಿಯಿರಿ, ಅಥವಾ ಬಾಗಿಲ ಕೆಳಗಿನಿಂದ ತಳ್ಳಿ ಅಂತ ಕೇಳಬಹುದು. ಫೋನಿನೊಳಗೆ ನೋಡಲೂ ವಾರೆಂಟ್ ಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ವಿದೇಶದಿಂದ ಬಂದಿಳಿಯುವ ವಿಮಾನ ನಿಲ್ದಾಣದ ಲೆಕ್ಕವೇ ಬೇರೆ. ಗಡಿಯಲ್ಲಿ ಅಧಿಕಾರಿಗಳಿಗೆ ತಪಾಸಣೆಯ ಅಧಿಕಾರ ಹೆಚ್ಚು, ಫೋನನ್ನೂ ವಾರೆಂಟ್ ಇಲ್ಲದೆ ನೋಡುತ್ತಾರೆ. ಬೆಂಗಳೂರಿನಿಂದ ಬರುವಾಗ ಇದು ನೆನಪಿರಲಿ.

ಬಂಧಿಸಿ ಪ್ರಶ್ನೆ ಕೇಳುವ ಮೊದಲು ಪೊಲೀಸರು ನಿಮ್ಮ ಹಕ್ಕುಗಳನ್ನು ಹೇಳಬೇಕು. ಇದು 1966ರ ಮಿರಾಂಡಾ ತೀರ್ಪಿನ ನಿಯಮ. ಇಲ್ಲೊಂದು ಸೂಕ್ಷ್ಮ ಇದೆ. ಬಾಯಿ ಮುಚ್ಚಿಕೊಂಡು ಕೂತರೆ ಸಾಲದು. "ನಾನು ಮಾತಾಡುವುದಿಲ್ಲ, ನನಗೆ ವಕೀಲರು ಬೇಕು" ಅಂತ ಬಾಯಿಬಿಟ್ಟು ಹೇಳಬೇಕು. ಸುಳ್ಳು ಮಾತ್ರ ಹೇಳಬೇಡಿ. ಸುಮ್ಮನಿರುವುದು ಹಕ್ಕು, ಫೆಡರಲ್ ಅಧಿಕಾರಿಗೆ ಸುಳ್ಳು ಹೇಳುವುದು ಅಪರಾಧ. ಗ್ರೀನ್ ಕಾರ್ಡ್ ಇರುವ 18 ದಾಟಿದವರು ಕಾರ್ಡನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅಂತ ಕಾನೂನಿದೆ. ಬೀರುವಿನಲ್ಲಿ ಭದ್ರವಾಗಿ ಇಡುವುದು ನಮ್ಮ ಪದ್ಧತಿ, ಅದನ್ನು ಬಿಡಿ.

ವಕೀಲರ ಹಕ್ಕು ಬಡವರಿಗೂ ಸಿಕ್ಕಿದ್ದು ಹೇಗೆ ಅಂತ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಒಂದು ಪೂಲ್ ಆಟದ ಮನೆಗೆ ಕನ್ನ ಬಿತ್ತು. ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನನ್ನು ಹಿಡಿದರು. ಆತ ಕೋರ್ಟಿನಲ್ಲಿ ವಕೀಲರನ್ನು ಕೊಡಿ ಅಂತ ಕೇಳಿದ. ಮರಣದಂಡನೆಯ ಕೇಸಿಗೆ ಮಾತ್ರ ಕೊಡುತ್ತೇವೆ ಅಂದರು. ತಾನೇ ವಾದಿಸಿ ಸೋತ, ಐದು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಕೂತು, ಗೆರೆ ಹಾಕಿದ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಕೋರ್ಟು ಅದನ್ನು ಎತ್ತಿಕೊಂಡಿತು. 1963ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು: ಗಂಭೀರ ಅಪರಾಧದ ಆರೋಪಿಗೆ ವಕೀಲರನ್ನು ಇಡಲು ದುಡ್ಡಿಲ್ಲದಿದ್ದರೆ ರಾಜ್ಯವೇ ಕೊಡಬೇಕು. ಮತ್ತೆ ವಿಚಾರಣೆ ನಡೆಯಿತು, ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆತ ನಿರ್ದೋಷಿ ಅಂದಿತು.

ಈ ಹಕ್ಕು ಕ್ರಿಮಿನಲ್ ಕೇಸಿಗೆ. ವಲಸೆ ಕೋರ್ಟಿನ ಗಡೀಪಾರು ಕೇಸಿನಲ್ಲಿ ನೀವು ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರ ದುಡ್ಡು ಕೊಡುವುದಿಲ್ಲ.

ಹೆಜ್ಜೆ 6: ಓಟು ಮತ್ತು ದೇಣಿಗೆ, ಇಲ್ಲಿ ಕಾಲು ಜಾರಬೇಡಿ

ಲೈಸೆನ್ಸ್ ಮಾಡಿಸಲು ಡಿಎಂವಿಗೆ, ಅಂದರೆ ರಾಜ್ಯದ ವಾಹನ ಇಲಾಖೆಗೆ ಹೋದಾಗ ಕೌಂಟರಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ಮತದಾರರ ಪಟ್ಟಿಗೆ ಸೇರುತ್ತೀರಾ? 1993ರ ಕಾನೂನಿನ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಕೇಳಲೇಬೇಕು. ಪೌರರಾಗಿಲ್ಲದಿದ್ದರೆ ‘ಇಲ್ಲ’ ಅನ್ನಿ. ತೆರೆಯ ಮೇಲೆ ಬಂದದ್ದಕ್ಕೆಲ್ಲ ‘ಹೌದು’ ಒತ್ತಬೇಡಿ. ಪೌರ ಅಂತ ತಪ್ಪಾಗಿ ಹೇಳಿಕೊಂಡರೆ, ಓಟು ಹಾಕಿದರೆ, ಗ್ರೀನ್ ಕಾರ್ಡೇ ಹೋಗಬಹುದು, ಗಡೀಪಾರೂ ಆಗಬಹುದು. ಗೊತ್ತಾಗದೆ ಮಾಡಿದೆ ಅಂದರೆ ಸುಲಭಕ್ಕೆ ಕೇಳುವುದಿಲ್ಲ.

ದೇಣಿಗೆಯೂ ಹಾಗೆ. ಎಚ್-1ಬಿ, ವಿದ್ಯಾರ್ಥಿ ವೀಸಾದವರು ಯಾವ ಚುನಾವಣೆಗೂ ಒಂದು ಡಾಲರ್ ಕೊಡುವ ಹಾಗಿಲ್ಲ, ಸ್ಕೂಲ್ ಬೋರ್ಡ್ ಅಭ್ಯರ್ಥಿಗೂ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ನಮ್ಮವರೊಬ್ಬರು ಚುನಾವಣೆಗೆ ನಿಂತಾಗ ಪ್ರೀತಿಯಿಂದ ಕೈ ಜೇಬಿಗೆ ಹೋಗುತ್ತದೆ. ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ.

ಪೌರರಾದವರಿಗೆ: ಇಲ್ಲಿ ಇಡೀ ದೇಶಕ್ಕೆ ಚುನಾವಣೆ ನಡೆಸುವ ಒಂದು ಚುನಾವಣಾ ಆಯೋಗ ಇಲ್ಲ. ರಾಜ್ಯಗಳು ನಿಯಮ ಮಾಡುತ್ತವೆ, ಬಹುತೇಕ ಕೌಂಟಿ, ನಗರದವರೇ ನಡೆಸುತ್ತಾರೆ. ಹೆಸರು ನೋಂದಾಯಿಸುವ ಕೊನೆಯ ದಿನವೂ ರಾಜ್ಯಕ್ಕೊಂದು. ಅಧ್ಯಕ್ಷರ ಚುನಾವಣೆಯಲ್ಲಿ ಒಟ್ಟು ಓಟು ಜಾಸ್ತಿ ಬಂದವರೇ ಗೆಲ್ಲಬೇಕು ಅಂತಿಲ್ಲ. 538 ಎಲೆಕ್ಟೋರಲ್ ಮತಗಳಲ್ಲಿ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತಗಳಲ್ಲಿ, 270 ಬೇಕು. ಮೇಯ್ನ್, ನೆಬ್ರಾಸ್ಕಾ ಬಿಟ್ಟರೆ ರಾಜ್ಯದಲ್ಲಿ ಮುಂದೆ ಬಂದವರಿಗೆ ಆ ರಾಜ್ಯದ ಅಷ್ಟೂ ಮತ. 2000ದಲ್ಲಿ ಮತ್ತು 2016ರಲ್ಲಿ ದೇಶದಾದ್ಯಂತ ಹೆಚ್ಚು ಓಟು ಪಡೆದವರು ಸೋತರು. ಮತಪತ್ರದ ಕೆಳಗಿನ ಸಾಲುಗಳನ್ನು ಖಾಲಿ ಬಿಡಬೇಡಿ. ನಿಮ್ಮ ಮಗುವಿನ ಶಾಲೆ, ಮನೆ ತೆರಿಗೆ ಅಲ್ಲೇ ಇರುವುದು.

ಹೆಜ್ಜೆ 7: ಓಟಿಲ್ಲದಿದ್ದರೂ ಕೇಳಿ

ಅಹವಾಲು ಕೊಡುವ ಹಕ್ಕು ಮೊದಲ ತಿದ್ದುಪಡಿಯಲ್ಲೇ ಇದೆ. ಆದರೆ ನಮ್ಮವರು ಅತಿ ಕಡಿಮೆ ಬಳಸುವುದೂ ಇದನ್ನೇ.

ವಲಸೆ ಕಚೇರಿಯಲ್ಲೋ ಪಾಸ್‌ಪೋರ್ಟ್ ಕಚೇರಿಯಲ್ಲೋ ಅರ್ಜಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಹೌಸ್‌ನ ವೆಬ್‌ಸೈಟಿನಲ್ಲಿ ನಿಮ್ಮ ಪಿನ್ ಕೋಡ್, ಇಲ್ಲಿಯ ಮಾತಿನಲ್ಲಿ ಜಿಪ್ ಕೋಡ್ ಹಾಕಿ. ನಿಮ್ಮ ಪ್ರತಿನಿಧಿ ಯಾರು ಅಂತ ಬರುತ್ತದೆ. ಅವರ ಸ್ಥಳೀಯ ಕಚೇರಿಯಲ್ಲಿ ಇಂಥ ಕೆಲಸಕ್ಕೇ ಕೇಸ್‌ವರ್ಕರ್‌ಗಳು ಇರುತ್ತಾರೆ. ಪ್ರೈವಸಿ ರಿಲೀಸ್ ಫಾರ್ಮ್ (ನಿಮ್ಮ ಮಾಹಿತಿ ಕೇಳಲು ಅವರಿಗೆ ಒಪ್ಪಿಗೆ ಕೊಡುವ ಕಾಗದ) ತುಂಬಿ, ರಸೀದಿ ನಂಬರು, ಅರ್ಜಿ ಹಾಕಿದ ದಿನಾಂಕ, ಏನು ತೊಂದರೆ ಅಂತ ಹತ್ತು ಸಾಲಿನಲ್ಲಿ ಬರೆದು ಕೊಡಿ. ಅವರು ಇಲಾಖೆಗೆ ಬರೆದು ವಿಚಾರಿಸುತ್ತಾರೆ. ಅರ್ಜಿ ಮಂಜೂರು ಮಾಡಿಸಲಾರರು, ಆದರೆ ಕಡತ ಎಲ್ಲಿ ಕೂತಿದೆ ಅಂತ ತಿಳಿಯುತ್ತದೆ. ದುಡ್ಡು ಕೊಡಬೇಕಿಲ್ಲ. ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಪೌರರಲ್ಲದವರಿಗೂ ಮಾಡಿಕೊಡುತ್ತಾರೆ.

ನಿಮ್ಮ ವಲಸೆ ಕಡತದ ನಕಲು ಬೇಕಾದರೆ 1966ರ ಮಾಹಿತಿ ಕಾನೂನಿನಡಿ ಕೇಳಬಹುದು. ನಮ್ಮ ಆರ್‌ಟಿಐ ಇದ್ದ ಹಾಗೆ.

ನಗರ ಮಂಡಳಿಯ ಸಭೆಗೆ ಒಮ್ಮೆ ಹೋಗಿ ಬನ್ನಿ. ನಮ್ಮೂರ ಪಾರ್ಕಿನಲ್ಲಿ ಕ್ರಿಕೆಟ್ ಪಿಚ್ ಬೇಕು ಅಂತ ಕೇಳಲು ನಾವು ಆರು ಜನ ಹೋಗಿದ್ದೆವು. ಬಾಗಿಲಲ್ಲೇ ಒಂದು ಚೀಟಿ, ಹೆಸರು ಮತ್ತು ವಿಷಯ ಬರೆದು ಕೊಟ್ಟೆವು. ವೀಸಾ ಯಾವುದು ಅಂತ ಯಾರೂ ಕೇಳಲಿಲ್ಲ. ಹೆಸರು ಕೂಗಿದಾಗ ಮೈಕಿನ ಮುಂದೆ ನಿಂತೆ. ಮೂರು ನಿಮಿಷ. ಹಸಿರು ದೀಪ ಹೊತ್ತಿತು, ನನ್ನ ಕೈ ನಡುಗುತ್ತಿತ್ತು. ಹಳದಿ ಬಂದಾಗ ಇನ್ನೂ ಅರ್ಧ ಹೇಳಿದ್ದೆ, ಕೆಂಪಿಗೆ ನಿಲ್ಲಿಸಬೇಕಾಯಿತು. ಮಿಕ್ಕದ್ದನ್ನು ನನ್ನ ಹಿಂದೆ ನಿಂತಿದ್ದ ಗೆಳೆಯ ಹೇಳಿದ. ಎಷ್ಟು ಮಕ್ಕಳು ಆಡುತ್ತಾರೆ, ಈಗ ಎಷ್ಟು ದೂರ ಹೋಗುತ್ತಾರೆ, ಒಂದು ಪಿಚ್ಚಿಗೆ ಎಷ್ಟು ಜಾಗ ಬೇಕು ಅಂತ ಲೆಕ್ಕ ಕೊಟ್ಟೆವು. ಅವತ್ತೇ ಏನೂ ಆಗಲಿಲ್ಲ. ನಾಲ್ಕು ಸಭೆಗೆ ಹೋದೆವು. ಮುಂದಿನ ವರ್ಷದ ಬಜೆಟ್ಟಿನಲ್ಲಿ ಕಾಂಕ್ರೀಟ್ ಪಿಚ್ಚಿಗೆ ದುಡ್ಡು ಇಟ್ಟರು.

ಹೆಜ್ಜೆ 8: ಪೌರತ್ವದ ಪರೀಕ್ಷೆ

ಗ್ರೀನ್ ಕಾರ್ಡ್ ಬಂದು ಐದು ವರ್ಷವಾದರೆ, ಪೌರರನ್ನು ಮದುವೆಯಾಗಿ ಒಟ್ಟಿಗಿದ್ದರೆ ಮೂರು ವರ್ಷಕ್ಕೆ, ಅರ್ಜಿ ಹಾಕಬಹುದು. ಸಂದರ್ಶನದಲ್ಲಿ ಇಂಗ್ಲಿಷ್ ಮತ್ತು ಸರ್ಕಾರದ ಬಗ್ಗೆ ಪ್ರಶ್ನೆ ಕೇಳುತ್ತಾರೆ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. ಅದಕ್ಕೂ ಮೊದಲು ಹಾಕಿದವರಿಗೆ ಹಳೆಯ 100ರ ಪಟ್ಟಿ, ಹತ್ತರಲ್ಲಿ ಆರು.

ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ. 50 ದಾಟಿ 20 ವರ್ಷ ಗ್ರೀನ್ ಕಾರ್ಡಿನ ಮೇಲಿದ್ದವರಿಗೆ, 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸರ್ಕಾರದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರ ಕೊಡಬಹುದು. 65 ದಾಟಿ 20 ವರ್ಷವಾಗಿದ್ದರೆ ಓದಬೇಕಾದ್ದು ಬರೀ 20 ಪ್ರಶ್ನೆ, ಅವುಗಳಲ್ಲಿ ಹತ್ತು ಕೇಳುತ್ತಾರೆ, ಆರು ಸರಿಯಾದರೆ ಸಾಕು. ನಮ್ಮ ಪಕ್ಕದ ಬೀದಿಯ ಅಜ್ಜಿಯೊಬ್ಬರು ಇಂಗ್ಲಿಷ್ ಬರಲ್ಲ ಅಂತ ಹೆದರಿ ವರ್ಷಗಟ್ಟಲೆ ಅರ್ಜಿಯನ್ನೇ ಹಾಕಿರಲಿಲ್ಲ. ಈ ವಿಷಯ ಗೊತ್ತಾದಮೇಲೆ ಸೊಪ್ಪು ಬಿಡಿಸುತ್ತಾ ದಿನಾ ಎರಡು ಪ್ರಶ್ನೆ ಕಲಿತರು. "ದೇಶದ ಪರಮೋಚ್ಚ ಕಾನೂನು ಯಾವುದು?" ಅಂತ ಮೊಮ್ಮಗಳು ಕೇಳುತ್ತಿದ್ದಳು. "ಸಂವಿಧಾನ ಕಣೇ" ಅನ್ನುತ್ತಿದ್ದರು.

ಪಟ್ಟಿಯಲ್ಲಿ ಕೆಲವು ಉತ್ತರಗಳು ಚುನಾವಣೆಯ ಜೊತೆ ಬದಲಾಗುತ್ತವೆ: ನಿಮ್ಮ ಗವರ್ನರ್, ನಿಮ್ಮ ರಾಜ್ಯದ ಸೆನೆಟರ್, ಹೌಸ್‌ನ ಸ್ಪೀಕರ್. ಹಳೆಯ ಪುಸ್ತಕದಲ್ಲಿದ್ದ ಹೆಸರು ಹೇಳಿದರೆ ತಪ್ಪು ಅಂತಲೇ ಲೆಕ್ಕ. ಸಂದರ್ಶನದ ಹಿಂದಿನ ದಿನ ವಲಸೆ ಕಚೇರಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಂಡು ಹೋಗಿ.